ಹಳೆಯ ಮುಖ, ಹೊಸ ಕೊರಳು

(ಬಾನುಲಿ ಭಾಷಣ)

1947 ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಒಂದೇ ಸಂಗತಿ. ಆ ವರ್ಷದ ಆಗಸ್ಟ್ ತಿಂಗಳ ನಡುರಾತ್ರಿಯ ಮಾತುಗಳನ್ನು ರೇಡಿಯೊ ಉಳ್ಳವರು ತಮ್ಮ ಮನೆಯಲ್ಲಿ ಕೇಳಿದರು. ಇಲ್ಲದವರು ಉಳ್ಳವರ ಮನೆಯ ಜಗುಲಿಯ ಮೇಲೆ ಕುಳಿತು ಕೇಳಿದರು. ಆದರೆ ಇಂದು ನಾನು ಹೇಳಹೊರಟಿರುವುದು ಅದೇ ವರ್ಷ ಅಮೆರಿಕದಲ್ಲಿ ನಡೆದ ಬೇರೆ ಮೂರು ಸಂಗತಿಗಳಿಂದ ಹುಟ್ಟಿದ ಮಾತನ್ನು. ಆ ಬೇಸಿಗೆಯಲ್ಲಿ ಷೆವರ್ಲೆ ಕಂಪನಿಯು ಹೊಸ ವಿನ್ಯಾಸದ ಪಿಕಪ್ ಟ್ರಕ್ಕೊಂದನ್ನು ಮಾರುಕಟ್ಟೆಗೆ ತಂದಿತು. ಆ ಕಂಪನಿಯ ಟ್ರಕ್ಕುಗಳಲ್ಲಿ ಚಾಲಕನ ಮುಂದಿನ ಫಲಕದೊಳಗೇ ರೇಡಿಯೊವನ್ನು ಕೂರಿಸುವ ಏರ್ಪಾಡು ಮೊದಲು ಬಂದದ್ದು ಇದರಲ್ಲಿ. ಅದೇ ವರ್ಷ ಷಿಕಾಗೊ ನಗರದಲ್ಲಿ ಪಾಲ್ ಗ್ಯಾಲ್ವಿನ್ ಎಂಬುವರ ಕಾರ್ಖಾನೆ, ತಾನು 1930ರಿಂದ ತಯಾರಿಸುತ್ತಿದ್ದ ಮೋಟಾರು ರೇಡಿಯೊದ ಹೆಸರನ್ನೇ ತನಗೂ ಇಟ್ಟುಕೊಂಡು ಮೋಟೊರೋಲ ಎನಿಸಿಕೊಂಡಿತು. ವರ್ಷ ಮುಗಿಯುವ ಮುನ್ನ, ಡಿಸೆಂಬರಿನಲ್ಲಿ, ನ್ಯೂ ಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟನ್ ಎಂಬ ವಿಜ್ಞಾನಿಗಳು ಜರ್ಮೇನಿಯಂ ಧಾತುವಿನ ಸಣ್ಣ ತುಣುಕೊಂದರಿಂದ ವಿದ್ಯುತ್ ಸಂಕೇತವನ್ನು ವರ್ಧಿಸಿ ತೋರಿಸಿದರು. ಅದೇ ಟ್ರಾನ್ಸಿಸ್ಟರ್. ಮುಂದೆ ನಮ್ಮ ಹಳ್ಳಿಗಳಲ್ಲಿ ಆ ಹೆಸರು ಕೈಯಲ್ಲಿ ಹಿಡಿದು ತಿರುಗುವ ರೇಡಿಯೊಕ್ಕೇ ನಿಂತುಹೋಯಿತೆಂಬುದನ್ನು ಹಿರಿಯ ಕೇಳುಗರು ಬಲ್ಲರು.

ಹೀಗೆ ಆ ಟ್ರಕ್ಕೂ ಟ್ರಾನ್ಸಿಸ್ಟರೂ ಒಂದೇ ವರ್ಷದ ಕೂಸುಗಳು. ಆದರೆ ಆ ಟ್ರಕ್ಕಿನ ರೇಡಿಯೊದೊಳಗೆ ಅಂದು ಟ್ರಾನ್ಸಿಸ್ಟರಿಗೆ ಸ್ಥಳವಿರಲಿಲ್ಲ. ಅದು ಒಳಹೊಕ್ಕದ್ದು ಬಹಳ ತಡವಾಗಿ. ಅದೂ ಹಳೆಯ ಮುಖವೊಂದನ್ನು ಮುಂದಿಟ್ಟುಕೊಂಡು. ಎಪ್ಪತ್ತು ಎಂಬತ್ತು ವರ್ಷ ತುಂಬಿದ ಇಂಥ ಟ್ರಕ್ಕುಗಳನ್ನು ಅಮೆರಿಕದ ಅನೇಕರು ಕೊಟ್ಟಿಗೆಗಳಿಂದ ಹೊರಗೆಳೆದು, ತುಕ್ಕು ಕೆರೆದು, ಬಣ್ಣ ಬಳಿದು, ಮತ್ತೆ ರಸ್ತೆಗಿಳಿಸುತ್ತಾರೆ. ರೇಡಿಯೊ ಇರಬೇಕಾದ ಕಿಂಡಿಯಲ್ಲಿ, ನೋಡಲು ಆ ಕಾಲದ್ದೇ ಎನಿಸುವ, ಒಳಗೆ ಮಾತ್ರ ಪೂರ್ತಿಯಾಗಿ ಈ ಕಾಲದ್ದಾದ ರೇಡಿಯೊವನ್ನು ಕೂರಿಸುತ್ತಾರೆ. ಹಣವುಳ್ಳವರ ಶೋಕಿ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಸ್ವಲ್ಪ ನಿಂತು ನೋಡಿದರೆ, ಹಳೆಯದನ್ನು ಉಳಿಸುವುದೆಂದರೆ ಏನನ್ನು ಉಳಿಸುವುದು ಎಂಬ ದೊಡ್ಡ ಪ್ರಶ್ನೆ ಆ ಅಂಗೈಯಗಲದ ಕಿಂಡಿಯಲ್ಲಿ ಕುಳಿತಿರುವುದು ಕಾಣುತ್ತದೆ.

ಪಿಕಪ್ ಎಂದರೆ ಮುಂದೆ ಎರಡು ಮೂರು ಜನ ಕೂರುವಷ್ಟು ಗೂಡು, ಹಿಂದೆ ತೆರೆದ ತೊಟ್ಟಿ. ಸಣ್ಣ ಲಾರಿಯೆಂದರೂ ಸಲ್ಲುತ್ತದೆ. ಅಲ್ಲಿನ ರೈತನಿಗೆ ಅದು ನಮ್ಮ ಒಕ್ಕಲಿಗನ ಎತ್ತಿನ ಗಾಡಿಯಂತೆ: ಹುಲ್ಲು, ಗೊಬ್ಬರ, ಕರು, ಬೇಲಿಯ ಕಂಬ, ಭಾನುವಾರದ ದಿನ ಚರ್ಚಿಗೆ ಹೊರಟ ಸಂಸಾರ, ಎಲ್ಲವೂ ಅದರಲ್ಲೇ. 1947ರ ಷೆವರ್ಲೆಯಲ್ಲಿ ಆರು ಸಿಲಿಂಡರುಗಳ ಎಂಜಿನು. ಗೂಡಿನೊಳಗೆ ಬಣ್ಣ ಬಳಿದ ಬರಿಯ ಉಕ್ಕಿನ ತಗಡು. 1948ರಲ್ಲಿ ಬಂದ ಫೋರ್ಡ್ ಕಂಪನಿಯ ಎಫ್-1 ಟ್ರಕ್ಕೂ ಇದೇ ಕುಲದ್ದು. ಈ ಗಾಡಿಗಳಲ್ಲಿ ರೇಡಿಯೊ ಎಂಬುದು ಬೇರೆಯಾಗಿ ಹಣ ತೆತ್ತು ಹಾಕಿಸಿಕೊಳ್ಳಬೇಕಾದ ವಸ್ತುವಾಗಿತ್ತು. ಹಾಗೆ ಹಾಕಿಸಿಕೊಳ್ಳದವರ ಟ್ರಕ್ಕಿನಲ್ಲಿ ಆ ಜಾಗಕ್ಕೆ ಒಂದು ತಗಡಿನ ಮುಚ್ಚಳವಿರುತ್ತಿತ್ತು. ರೈತನೆಂಬುವನು ಎಲ್ಲ ದೇಶಗಳಲ್ಲೂ ಲೆಕ್ಕ ಹಾಕಿ ಖರ್ಚು ಮಾಡುವವನೇ ಅಲ್ಲವೇ? ಆ ಮುಚ್ಚಳವನ್ನು ಒಮ್ಮೆಯೂ ತೆಗೆಯದೆ ತಮ್ಮ ಆಯುಷ್ಯವನ್ನೆಲ್ಲ ಮೌನವಾಗಿ ದುಡಿದು ಕಳೆದ ಟ್ರಕ್ಕುಗಳು ಎಷ್ಟೋ ಇವೆ.

ರೇಡಿಯೊ ಇದ್ದ ಟ್ರಕ್ಕುಗಳ ಕಥೆಯೇ ಬೇರೆ. ಅಂದಿನ ಮೋಟಾರು ರೇಡಿಯೊದ ಜೀವಾಳವೆಂದರೆ ಗಾಜಿನ ವಾಲ್ವುಗಳು. ಅವು ಕೆಲಸ ಮಾಡಲು ಇನ್ನೂರು ವೋಲ್ಟಿಗೂ ಮೇಲ್ಪಟ್ಟ ಒತ್ತಡದ ವಿದ್ಯುತ್ತು ಬೇಕು. ಗಾಡಿಯಲ್ಲಿರುವುದಾದರೋ ಆರೇ ವೋಲ್ಟಿನ ಬ್ಯಾಟರಿ. ಈ ಕಂದರವನ್ನು ದಾಟಿಸಲು ವೈಬ್ರೇಟರ್ ಎಂಬ ಸಾಧನವೊಂದಿತ್ತು. ಡಬ್ಬಿಯೊಂದರಲ್ಲಿ ಉಕ್ಕಿನ ತೆಳು ನಾಲಗೆಯೊಂದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಅತ್ತಿತ್ತ ಬಡಿಯುತ್ತ, ಬ್ಯಾಟರಿಯ ನೇರ ಪ್ರವಾಹವನ್ನು ತುಂಡು ತುಂಡು ಮಾಡುತ್ತಿತ್ತು. ಹಾಗೆ ತುಂಡಾದ ಪ್ರವಾಹವನ್ನು ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ ಒತ್ತಡವನ್ನು ಏರಿಸುತ್ತಿದ್ದರು. ಆದ್ದರಿಂದ ಬಿರಡೆ ತಿರುಗಿಸಿದೊಡನೆ ಮೊದಲು ಕೇಳುತ್ತಿದ್ದುದು ಹಾಡೂ ಅಲ್ಲ, ಮಾತೂ ಅಲ್ಲ. ಹೂವಿನೊಳಗೆ ಸಿಕ್ಕಿಕೊಂಡ ದುಂಬಿಯದೆಂಬಂತಹ ಒಂದು ಸಣ್ಣ ಗುಂಜಾರವ. ಆಮೇಲೆ ವಾಲ್ವುಗಳು ಕಾಯಬೇಕು. ಫಲಕದ ಹಿಂದಿನ ಪುಟ್ಟ ದೀಪ ಹತ್ತಿಕೊಂಡು, ಅಂಕಿಗಳ ಮೇಲೆ ಮುಳ್ಳು ಕಾಣಿಸಿಕೊಂಡು, ಅರ್ಧ ನಿಮಿಷದ ಸುಮಾರಿಗೆ ದೂರದಿಂದ ನಡೆದು ಬರುವವರ ಹಾಗೆ ಧ್ವನಿ ಹತ್ತಿರವಾಗುತ್ತಿತ್ತು.

ಈ ರೇಡಿಯೊಗಳಲ್ಲಿ ಹಲವಕ್ಕೆ ಐದು ಒತ್ತುಗುಂಡಿಗಳಿರುತ್ತಿದ್ದವು. ಬೇಕಾದ ನಿಲ್ದಾಣವನ್ನು ಮೊದಲು ಕೈಯಿಂದ ಹುಡುಕಿಕೊಂಡು, ಗುಂಡಿಯೊಂದನ್ನು ಹೊರಕ್ಕೆಳೆದು ಮತ್ತೆ ಪೂರ್ತಿ ಒಳಕ್ಕೆ ಒತ್ತಿದರೆ, ಆ ಸ್ಥಾನ ಅದರಲ್ಲಿ ನೆಲೆಯಾಗುತ್ತಿತ್ತು. ಮುಂದೆ ಎಂದು ಆ ಗುಂಡಿಯನ್ನು ಒತ್ತಿದರೂ ಹಿಂದಿನ ಸನ್ನೆಗಳು ಸರಿದು ಮುಳ್ಳು ಟಕ್ಕನೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಅದು ಲೋಹದ ನೆನಪು. ಬ್ಯಾಟರಿಯನ್ನು ಕಿತ್ತರೂ, ಗಾಡಿಯನ್ನು ಮೂವತ್ತು ವರ್ಷ ಕೊಟ್ಟಿಗೆಯಲ್ಲಿ ನಿಲ್ಲಿಸಿದರೂ ಅಳಿಯದ ನೆನಪು. ಅಜ್ಜನ ಟ್ರಕ್ಕನ್ನು ಬಿಚ್ಚಿದ ಮೊಮ್ಮಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನು ಆ ಗುಂಡಿಗಳನ್ನು ಒಂದೊಂದಾಗಿ ಒತ್ತಿ ಮುಳ್ಳು ಎಲ್ಲೆಲ್ಲಿ ನಿಲ್ಲುವುದೆಂದು ಗುರುತು ಹಾಕಿಕೊಂಡರೆ ಸಾಕು, ಅಜ್ಜನು ಯಾವ ಯಾವ ನಿಲ್ದಾಣಗಳನ್ನು ಕೇಳುತ್ತಿದ್ದನೆಂಬ ಪಟ್ಟಿ ಕೈಗೆ ಬರುತ್ತದೆ. ಯಾವ ದಿನಚರಿಯಲ್ಲೂ ಬರೆದಿಡದ ಸಂಗತಿಯದು.

ಏನನ್ನು ಕೇಳುತ್ತಿದ್ದರು? ಮಧ್ಯಮ ತರಂಗದ ಪ್ರಸಾರವನ್ನು. ಅಯೋವ ರಾಜ್ಯದ ಡಿ ಮಾಯ್ನ್ ನಗರದ ಡಬ್ಲ್ಯು.ಎಚ್.ಒ. ನಿಲ್ದಾಣವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದು 1040 ಕಿಲೋಹರ್ಟ್ಸಿನಲ್ಲಿ 50 ಕಿಲೋವಾಟ್ ಶಕ್ತಿಯಿಂದ ಮಾತಾಡುವ ನಿಲ್ದಾಣ. ಮುಸುಕಿನ ಜೋಳದ ಧಾರಣೆ, ಹಂದಿ ದನಗಳ ಬೆಲೆ, ನಾಳೆ ಮಳೆಯುಂಟೋ ಇಲ್ಲವೋ ಎಂಬ ವರದಿ — ನಮ್ಮ ಕೃಷಿರಂಗದ ಕೇಳುಗರಿಗೆ ಇದರ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ. ಕತ್ತಲಾದ ಮೇಲೆ ಇನ್ನೊಂದು ಸೊಗಸು. ಹಗಲಿನಲ್ಲಿ ವಾಯುಮಂಡಲದ ಮೇಲ್ಭಾಗದ ಒಂದು ಪದರವು ಮಧ್ಯಮ ತರಂಗಗಳನ್ನು ಹೀರಿಕೊಂಡುಬಿಡುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗಿ, ಅದರ ಮೇಲಿನ ಪದರಗಳು ತರಂಗಗಳನ್ನು ಕನ್ನಡಿಯಂತೆ ನೆಲಕ್ಕೆ ಹಿಂದಿರುಗಿಸತೊಡಗುತ್ತವೆ. ಆಗ ನೂರಾರು ಮೈಲಿಗಳಾಚೆಯ ನಿಲ್ದಾಣಗಳು ಅಲೆಯಲೆಯಾಗಿ ತೇಲಿ ಬರುತ್ತವೆ. 650 ಕಿಲೋಹರ್ಟ್ಸಿನಲ್ಲಿ ನ್ಯಾಷ್‌ವಿಲ್ ನಗರದ ಡಬ್ಲ್ಯು.ಎಸ್.ಎಂ. ನಿಲ್ದಾಣದಿಂದ ಹೊರಡುತ್ತಿದ್ದ ಶನಿವಾರದ ಹಳ್ಳಿಹಾಡಿನ ಕಾರ್ಯಕ್ರಮ ಹೀಗೆಯೇ ಅರ್ಧ ಖಂಡವನ್ನು ತಲುಪಿತು. ಹೊಲದಂಚಿನಲ್ಲಿ ನಿಲ್ಲಿಸಿದ ಟ್ರಕ್ಕಿನೊಳಗೆ ಒಬ್ಬಂಟಿಯಾಗಿ ಕುಳಿತವನಿಗೆ ಆ ರಾತ್ರಿ ಊರು ದೊಡ್ಡದಾಗುತ್ತಿತ್ತು.

ಆ ಕಾಲದ ಭಯವೂ ರೇಡಿಯೊದ ಮುಖದ ಮೇಲೆ ಅಚ್ಚಾಗಿ ಉಳಿದಿದೆ. 1953ರಿಂದ 1963ರವರೆಗೆ ಅಮೆರಿಕದಲ್ಲಿ ಮಾರಾಟವಾದ ರೇಡಿಯೊಗಳ ಅಂಕಿಪಟ್ಟಿಯಲ್ಲಿ 640 ಮತ್ತು 1240ರ ಹತ್ತಿರ ಎರಡು ಪುಟ್ಟ ತ್ರಿಕೋನಗಳನ್ನು ಕಾಣಬಹುದು. ಶತ್ರುವಿಮಾನಗಳು ಬಾಂಬು ಹೊತ್ತು ಬಂದರೆ ಉಳಿದ ನಿಲ್ದಾಣಗಳೆಲ್ಲ ಮೌನವಾಗಿ, ಎಚ್ಚರಿಕೆಯ ಮಾತು ಆ ಎರಡು ಸ್ಥಾನಗಳಲ್ಲಿ ಮಾತ್ರ ಬರುವುದೆಂದು ಸರಕಾರ ಗೊತ್ತುಮಾಡಿತ್ತು. ಬಾಂಬು ಬೀಳಲಿಲ್ಲ, ತ್ರಿಕೋನಗಳು ಉಳಿದವು. ಇಂದು ಹೊಸದಾಗಿ ತಯಾರಿಸಿದ ಮುಖದ ಮೇಲೆ ಅವನ್ನು ಅಚ್ಚು ಹಾಕಿದರೆ ಅದು ಅಲಂಕಾರವಾದೀತೇ ಹೊರತು ಭಯವಾಗಲಾರದು. ಹಳೆಯ ವಸ್ತುವಿಗೂ ಹಳೆಯದರ ರೂಪಕ್ಕೂ ಇರುವ ಅಂತರ ಇಷ್ಟೇ ಎಂದೂ ಹೇಳಬಹುದು. ಇಷ್ಟೊಂದು ಎಂದೂ ಹೇಳಬಹುದು.

ಹಾಗಾದರೆ ಇಂಥ ರೇಡಿಯೊವನ್ನು ತೆಗೆದು ಹೊಸದನ್ನು ಏಕೆ ಕೂರಿಸಬೇಕು? ಕಾರಣಗಳು ಸುಳ್ಳಲ್ಲ. ಕಾಗದ ಸುತ್ತಿದ ಹಳೆಯ ಕಂಡೆನ್ಸರುಗಳು ವರ್ಷಗಳು ಕಳೆದಂತೆ ಸೋರಿ ಕೆಡುತ್ತವೆ. ವೈಬ್ರೇಟರಿನ ನಾಲಗೆ ಅಂಟಿಕೊಳ್ಳುತ್ತದೆ. ಇವನ್ನು ಸರಿಪಡಿಸಬಲ್ಲ ಕೈಗಳು ವಿರಳವಾಗಿವೆ. ರೇಡಿಯೊ ಮಾತಾಡಿದರೂ ಎಂಜಿನಿನ ಕಿಡಿಯೊಂದೊಂದೂ ಅದರಲ್ಲಿ ಚಟಚಟನೆ ಸಿಡಿಯುತ್ತದೆ. ಅದನ್ನು ಅಡಗಿಸಲೆಂದೇ ಅಂದಿನವರು ಕಿಡಿತಂತಿಗಳಿಗೆ ರೋಧಕಗಳನ್ನು, ಜನರೇಟರಿಗೆ ಕಂಡೆನ್ಸರನ್ನು, ಕೆಲವು ಗಾಡಿಗಳಲ್ಲಿ ಚಕ್ರದ ಗುಂಬದೊಳಗೆ ಸ್ಥಿರವಿದ್ಯುತ್ತನ್ನು ಹೀರುವ ಸ್ಪ್ರಿಂಗನ್ನೂ ಇಡುತ್ತಿದ್ದರು. ಮೇಲಾಗಿ ಇಂದಿನ ಸಂಗೀತಪ್ರಿಯನಿಗೆ ಎಫ್.ಎಂ. ಬೇಕು, ತನ್ನ ಜೇಬಿನ ದೂರವಾಣಿಯಲ್ಲಿರುವ ಹಾಡುಗಳು ತಂತಿಯಿಲ್ಲದೆಯೇ ರೇಡಿಯೊದಲ್ಲಿ ಮೊಳಗಬೇಕು. ಕಾಲದ ಬಯಕೆಯಿದು, ತಪ್ಪೆನ್ನಲಾಗದು.

ಈ ಬಯಕೆ ಒಂದು ಕಾಲದಲ್ಲಿ ಹಳೆಯ ಗಾಡಿಗಳಿಗೆ ಬಹಳ ಕೇಡು ಮಾಡಿತು. ಕ್ಯಾಸೆಟ್ ಕೇಳುವ ಮೋಟಾರು ರೇಡಿಯೊಗಳು ಬಳಕೆಗೆ ಬಂದಾಗ ಅವುಗಳ ಆಕಾರವೂ ಬದಲಾಯಿತು. ಹಳೆಯದರ ಎರಡು ಬಿರಡೆ, ನಡುವಿನ ಪುಟ್ಟ ಕಿಟಕಿಯ ಬದಲು ಉದ್ದನೆಯ ಒಂದೇ ಆಯತದ ಬಾಯಿ ಬೇಕಾಯಿತು. ಆಗ ಗರಗಸ ಹಿಡಿದವರು ಫಲಕದ ಉಕ್ಕನ್ನೇ ಕತ್ತರಿಸಿದರು. ಸ್ಪೀಕರುಗಳಿಗಾಗಿ ಬಾಗಿಲುಗಳಲ್ಲಿ ದುಂಡನೆಯ ತೂತು ಕೊರೆದರು. ರೇಡಿಯೊ ಹತ್ತು ವರ್ಷಕ್ಕೆ ಹಳತಾಗಿ ಕಸಕ್ಕೆ ಹೋಯಿತು. ಗಾಯ ಮಾತ್ರ ಗಾಡಿಯ ಜೊತೆಗೇ ಉಳಿಯಿತು. ಕತ್ತರಿಸಿದ ಫಲಕವನ್ನು ಮೊದಲಿನಂತೆ ಮಾಡುವುದು ಹೊಸ ರೇಡಿಯೊ ಕೊಳ್ಳುವುದಕ್ಕಿಂತ ಎಷ್ಟೋ ಕಷ್ಟದ, ದುಬಾರಿಯ ಕೆಲಸ.

ಹಳೆಯ ಮುಖದ ಹೊಸ ರೇಡಿಯೊ ಹುಟ್ಟಿದ್ದು ಈ ಗಾಯಕ್ಕೆ ಉತ್ತರವಾಗಿ ಎಂದರೆ ಅತಿಶಯೋಕ್ತಿಯಲ್ಲ. ಕಸ್ಟಮ್ ಆಟೋಸೌಂಡ್, ರೆಟ್ರೋಸೌಂಡ್ ಮೊದಲಾದ ಅಮೆರಿಕದ ಕಂಪನಿಗಳು ಇವನ್ನು ಒದಗಿಸುತ್ತವೆ. ಇದರ ಉಪಾಯ ಸರಳವಾದುದು. ಎರಡು ಕಡೆ ಎರಡು ಕಡ್ಡಿಗಳು, ನಡುವೆ ಕಿಟಕಿಯಂಥ ಮುಖ. ಕೆಲವು ಮಾದರಿಗಳಲ್ಲಿ ಕಡ್ಡಿಗಳ ನಡುವಿನ ಅಂತರವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಆದ್ದರಿಂದ ಗಾಡಿ ಯಾವುದಾದರೂ ಅದರಲ್ಲಿ ಮೊದಲೇ ಇರುವ ತೂತುಗಳಿಗೆ ಅದು ಹೊಂದಿಕೊಳ್ಳುತ್ತದೆ. ಮುಖಕ್ಕೆ ಬೆಳ್ಳಿಯ ಹೊಳಪಿನ ಕಟ್ಟು, ಆ ಕಾಲದ ಚೆಲುವಿನ ಬಿರಡೆಗಳು. ಎಡಗಡೆಯದು ಧ್ವನಿಗೆ, ಬಲಗಡೆಯದು ನಿಲ್ದಾಣಕ್ಕೆ, ಹಿಂದಿನ ಸಂಪ್ರದಾಯದಂತೆಯೇ. ಆದರೆ ಕಿಟಕಿಯಲ್ಲಿ ಮುಳ್ಳಿನ ಬದಲು ಬೆಳಕಿನ ಅಂಕಿಗಳು ಮೂಡುತ್ತವೆ. ಮೈಯೊಳಗೆ, ಟ್ರಕ್ಕಿನ ಜೊತೆಗೇ ಹುಟ್ಟಿದ ಆ ಟ್ರಾನ್ಸಿಸ್ಟರಿನ ವಂಶದವರು, ಉಗುರಿನಷ್ಟು ಜಾಗದಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ನೆಲಸಿದ್ದಾರೆ. ತಗಡಿನ ಮುಚ್ಚಳ ತೆಗೆದು ಇದನ್ನು ಕೂರಿಸಿದರೆ ಉಕ್ಕಿಗೆ ಒಂದು ಗೀರೂ ಬೀಳದು. ಬೇಡವೆನಿಸಿದ ದಿನ ತೆಗೆದು ಮುಚ್ಚಳವನ್ನು ಮತ್ತೆ ಹಾಕಿಬಿಡಬಹುದು.

ಕೂರಿಸುವ ಕೆಲಸ ಮಾತ್ರ ಹೇಳಿದಷ್ಟು ಸುಲಭವಲ್ಲ. ಅಜ್ಜನ ಗಾಡಿ ಮೊಮ್ಮಗನ ರೇಡಿಯೊವನ್ನು ಕೂಡಲೇ ಒಪ್ಪಿಕೊಳ್ಳುವುದಿಲ್ಲ. ಮೊದಲ ತೊಡಕು ವೋಲ್ಟಿನದು. ಹೊಸ ರೇಡಿಯೊ ಕೇಳುವುದು 12 ವೋಲ್ಟು; ಗಾಡಿ ಕೊಡುವುದು 6. ಷೆವರ್ಲೆ ಟ್ರಕ್ಕುಗಳು 1955ರ ನಡುವೆ, ಫೋರ್ಡ್ ಟ್ರಕ್ಕುಗಳು 1956ರಲ್ಲಿ 12 ವೋಲ್ಟಿಗೆ ಬದಲಾದವು. ಅದಕ್ಕೆ ಹಿಂದಿನವಕ್ಕೆ ಒತ್ತಡವನ್ನು ಏರಿಸುವ ಪರಿವರ್ತಕವನ್ನು ಇಡಬೇಕು, ಇಲ್ಲವೇ ಇಡೀ ಗಾಡಿಯ ವಿದ್ಯುತ್ ವ್ಯವಸ್ಥೆಯನ್ನೇ ಬದಲಾಯಿಸಬೇಕು. ಎರಡನೆಯ ತೊಡಕು ಧ್ರುವದ್ದು. ಷೆವರ್ಲೆಯಲ್ಲಿ ಬ್ಯಾಟರಿಯ ಋಣಧ್ರುವ ಗಾಡಿಯ ಮೈಗೆ ಸೇರಿದ್ದರೆ, 6 ವೋಲ್ಟಿನ ಫೋರ್ಡಿನಲ್ಲಿ ಸೇರಿದ್ದುದು ಧನಧ್ರುವ. ಹೊಸ ರೇಡಿಯೊದ ಲೋಹದ ಪೆಟ್ಟಿಗೆಯಾದರೋ ಋಣಧ್ರುವಕ್ಕೆ ಸೇರಿರುತ್ತದೆ. ಇದನ್ನು ಅರಿಯದೆ ಪೆಟ್ಟಿಗೆಯನ್ನು ಫಲಕಕ್ಕೆ ಬಿಗಿದು ತಂತಿ ಸೇರಿಸಿದರೆ ಕ್ಷಣಾರ್ಧದಲ್ಲಿ ಫ್ಯೂಸು ಹಾರೀತು, ಇಲ್ಲವೇ ಹೊಗೆ ಎದ್ದೀತು. ಆಗ ಎರಡು ಕಡೆಯ ವಿದ್ಯುತ್ತನ್ನೂ ಪರಸ್ಪರ ತಾಗದಂತೆ ಬೇರೆಯಾಗಿಡುವ ಪರಿವರ್ತಕವೇ ಬೇಕು.

ಮೂರನೆಯ ತೊಡಕು ಸ್ಪೀಕರಿನದು. ಹಳೆಯ ಗಾಡಿಗಳಲ್ಲಿ ಫಲಕದ ನಡುವೆ ಒಂದೇ ಸ್ಪೀಕರು. ಎಷ್ಟೋ ಕಡೆ ಅದಕ್ಕೆ ಬರುತ್ತಿದ್ದುದೂ ಒಂದೇ ತಂತಿ. ಎರಡನೆಯ ತಂತಿಯ ಕೆಲಸವನ್ನು ಗಾಡಿಯ ಮೈಯೇ ಮಾಡುತ್ತಿತ್ತು. ಹೊಸ ರೇಡಿಯೊ ಈ ಸಲಿಗೆಯನ್ನು ಸಹಿಸುವುದಿಲ್ಲ. ಅದರ ಸ್ಪೀಕರು ತಂತಿಗಳಲ್ಲಿ ಯಾವುದೊಂದೂ ಗಾಡಿಯ ಮೈಗೆ ತಾಗಕೂಡದು. ತಾಗಿದರೆ ಒಳಗಿನ ವರ್ಧಕ ಕೆಟ್ಟೀತು. ಎರಡು ಕಿವಿಗಳಿಗೆ ಬೇರೆ ಬೇರೆಯಾಗಿ ಬರುವ ಸಂಗೀತವನ್ನು ಒಂದೇ ಸ್ಥಳದಿಂದ ನುಡಿಸಲು ಎರಡು ಸುರುಳಿಗಳುಳ್ಳ ಸ್ಪೀಕರುಗಳೂ ಇವೆ. ಬಾಗಿಲು ಕೊರೆಯಬೇಕಾದ ಪ್ರಮೇಯ ಅಲ್ಲಿಗೆ ತಪ್ಪಿತು. ಕೊನೆಯದಾಗಿ ನೆನಪಿನ ತಂತಿ. ಹೊಸ ರೇಡಿಯೊಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತಿಗೆ ಎರಡು ತಂತಿಗಳಿರುತ್ತವೆ: ಗಾಡಿಯ ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವಂಥದು ಒಂದು, ಹಗಲಿರುಳೂ ಬ್ಯಾಟರಿಗೆ ಸೇರಿರಬೇಕಾದುದು ಇನ್ನೊಂದು. ಆ ಎರಡನೆಯ ತಂತಿ ಕಳಚಿದರೆ ಗೊತ್ತುಮಾಡಿದ ನಿಲ್ದಾಣಗಳೆಲ್ಲ ಅದಕ್ಕೆ ಮರೆತುಹೋಗಬಹುದು. ಅಜ್ಜನ ಗುಂಡಿಗಳು ಬ್ಯಾಟರಿಯಿಲ್ಲದೆ ಮೂವತ್ತು ವರ್ಷ ನೆನಪಿಟ್ಟವು. ಮೊಮ್ಮಗನ ರೇಡಿಯೊಕ್ಕೆ ನೆನಪಿಡಲು ತುತ್ತು ತಪ್ಪದೆ ಬೀಳುತ್ತಿರಬೇಕು. ಯಾವುದು ಹೆಚ್ಚು ಎಂದು ನಾನು ತೀರ್ಪು ಕೊಡುತ್ತಿಲ್ಲ. ಎರಡು ಕಾಲಗಳ ಗುಣ ಇಲ್ಲಿ ಎದುರುಬದುರಾಗಿ ಕಾಣುತ್ತದೆಂದಷ್ಟೇ ನನ್ನ ಮಾತು.

ಹೊಸದನ್ನು ಕೊಂಡು ಕೂರಿಸುವುದೊಂದೇ ದಾರಿಯಲ್ಲ. ಕೆಲವರು ಹಳೆಯ ರೇಡಿಯೊದ ಹೊಟ್ಟೆಯನ್ನು ಬಗೆದು, ವಾಲ್ವುಗಳನ್ನೆಲ್ಲ ಕಿತ್ತು, ಅದೇ ಚಿಪ್ಪಿನೊಳಗೆ ಹೊಸ ಯಂತ್ರವನ್ನಿಡುತ್ತಾರೆ. ಆಗ ಮುಖ ನಿಜವಾಗಿಯೂ ಹಳೆಯದೇ. ಮುಳ್ಳು ಕೂಡ ಹಳೆಯದೇ. ಇನ್ನು ಕೆಲವರು ಹಳೆಯ ರೇಡಿಯೊವನ್ನು ಮುಟ್ಟದೆ ಅದರ ಜಾಗದಲ್ಲೇ ಬಿಟ್ಟು, ಹೊಸದನ್ನು ಆಸನದ ಕೆಳಗೋ ಕೈಪೆಟ್ಟಿಗೆಯೊಳಗೋ ಅಡಗಿಸುತ್ತಾರೆ. ಮೂರನೆಯ ಪಂಗಡವೊಂದಿದೆ, ಸಂಖ್ಯೆಯಲ್ಲಿ ಅಲ್ಪ, ಸಹನೆಯಲ್ಲಿ ಅಧಿಕ. ಇವರು ಹಳೆಯದರ ಕಂಡೆನ್ಸರುಗಳನ್ನು ಬದಲಿಸಿ, ವಾಲ್ವುಗಳನ್ನು ಪರೀಕ್ಷಿಸಿ, ಏರಿಯಲ್ಲಿನ ತಿರುಪನ್ನು ಹೊಂದಿಸಿ, ಅದನ್ನು ಅದರದೇ ಕೊರಳಿನಲ್ಲಿ ಮಾತಾಡಿಸುತ್ತಾರೆ.

ಇಲ್ಲಿ ಧರ್ಮಸೂಕ್ಷ್ಮವೊಂದುಂಟು. ಹಳೆಯ ಮುಖದ ಹಿಂದೆ ಹೊಸ ಯಂತ್ರವನ್ನಿಡುವುದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಮನೆಗಳ ತಾಮ್ರದ ಹಂಡೆಯನ್ನು, ಹಿತ್ತಾಳೆಯ ಪಾತ್ರೆಯನ್ನು ನೆನೆಯಿರಿ. ಹೊರಗೆ ಅಜ್ಜಿಯ ಕಾಲದ ಲೋಹ; ಒಳಗೆ ಈ ತಿಂಗಳ ಕಲಾಯಿ. ಅದನ್ನು ಯಾರೂ ಮೋಸವೆನ್ನಲಿಲ್ಲ. ಕಲಾಯಿ ಇಲ್ಲದೆ ಅದರಲ್ಲಿ ಹುಳಿ ಬೇಯಿಸುವಂತೆಯೇ ಇಲ್ಲ. ಬಳಸಲೆಂದು ಬದಲಿಸುವುದು ಬದುಕಿನ ರೀತಿ. ಯಕ್ಷಗಾನದ ವೇಷಧಾರಿಯನ್ನೂ ನೆನೆಯಬಹುದು. ಚೌಕಿಯಲ್ಲಿ ಕುಳಿತು ಬಣ್ಣ ಬಳಿದುಕೊಳ್ಳುವವನನ್ನು ನಾವು ಕಣ್ಣಾರೆ ಕಂಡೂ, ರಂಗಕ್ಕೆ ಬಂದಾಗ ಅವನನ್ನು ರಾವಣನೆಂದೇ ಒಪ್ಪುತ್ತೇವೆ. ವೇಷ ಹಾಕುವುದು ತಪ್ಪಲ್ಲ; ವೇಷವನ್ನು ನಿಜವೆಂದು ಮಾರುವುದು ತಪ್ಪು. ಗಾಡಿಯ ಒಡೆಯನು ಕೇಳಿದವರಿಗೆ ಇದು ಹೊಸದೆಂದು ಹೇಳುವವರೆಗೆ ಅವನ ಮೇಲೆ ದೋಷವಿಲ್ಲ. ಅದೇ ಗಾಡಿಯನ್ನು ಎಲ್ಲವೂ ಮೂಲದ್ದೆಂದು ಹೇಳಿ ಮಾರಿದ ದಿನ ವೇಷ ಮೋಸವಾಗುತ್ತದೆ.

ಆದರೆ ಕಲಾಯಿಯ ಹೋಲಿಕೆ ಒಂದು ಎಲ್ಲೆಯವರೆಗೆ ಮಾತ್ರ ನಡೆದೀತು. ಕಲಾಯಿ ಪಾತ್ರೆಯನ್ನು ಕೆಡಿಸುವುದಿಲ್ಲ. ಹೊಟ್ಟೆ ಬಗೆದ ರೇಡಿಯೊವಾದರೋ ಮತ್ತೆ ಮೊದಲಿನಂತಾಗುವುದು ದುಸ್ತರ. ಆದ್ದರಿಂದ ನನಗೆ ತೋರುವ ವಿಚಿತ್ರವೇನೆಂದರೆ, ಪೂರ್ತಿ ಕೃತಕವಾದ ಹೊಸ ರೇಡಿಯೊವೇ ಹಳೆಯದಕ್ಕೆ ಹೆಚ್ಚು ಗೌರವ ತೋರಬಲ್ಲುದು. ಅದು ನಿಜವಾದ ಉಕ್ಕನ್ನು ಕತ್ತರಿಸದೆ ಉಳಿಸುತ್ತದೆ; ನಿಜವಾದ ರೇಡಿಯೊವನ್ನು ಬಗೆಯದೆ ಕಪಾಟಿನಲ್ಲಿ ಕಾಯುವಂತೆ ಬಿಡುತ್ತದೆ. ಮೂಲದ ಮುಖವನ್ನೇ ಹೊತ್ತು ಒಳಗೆ ಟೊಳ್ಳಾದುದಕ್ಕಿಂತ, ಮೂಲಕ್ಕೆ ಮರಳುವ ದಾರಿಯನ್ನು ತೆರೆದಿಟ್ಟ ಅನುಕರಣವೇ ಲೇಸು. ಹಳೆಯದಕ್ಕೆ ನಾವು ಮಾಡುವ ಬದಲಾವಣೆಯನ್ನು ಒರೆಗೆ ಹಚ್ಚಬೇಕಾದುದು ಅದು ಎಷ್ಟು ಹಳೆಯದಾಗಿ ಕಾಣುತ್ತದೆ ಎಂಬುದರಿಂದಲ್ಲ. ನಮ್ಮ ನಂತರ ಬರುವವರು ಅದನ್ನು ಹಿಂದೆಗೆಯಬಲ್ಲರೇ ಎಂಬುದರಿಂದ.

ಇಷ್ಟೆಲ್ಲ ಒಪ್ಪಿದ ಮೇಲೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಹೊಸ ರೇಡಿಯೊ ಮುಖವನ್ನು ಉಳಿಸಿತು. ಕೇಳುವ ರೀತಿಯನ್ನು ಉಳಿಸಿತೇ? ವಾಲ್ವು ಕಾಯುವ ಆ ಅರ್ಧ ನಿಮಿಷ ಈಗಿಲ್ಲ. ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ, ಗೊರಗೊರದ ನಡುವಿನಿಂದ ದೂರದ ದನಿಯೊಂದನ್ನು ಬಿಡಿಸಿಕೊಳ್ಳುವ ಆಟವೂ ಇಲ್ಲ. ಜೇಬಿನಲ್ಲಿರುವ ಹಾಡು ನಮ್ಮದೇ ಆಯ್ಕೆ. ಅದು ನಮ್ಮನ್ನು ನಮ್ಮ ಬಳಿಯಲ್ಲೇ ಬಿಡುತ್ತದೆ. ರೇಡಿಯೊದ ಮಾತು ನಾವು ಆಯ್ದದ್ದಲ್ಲ. ಯಾರೋ ಎಲ್ಲಿಯೋ ಕುಳಿತು ತನಗೆ ಕಾಣದ ಎಷ್ಟೋ ಮಂದಿಗೆ ಒಂದೇ ಗಳಿಗೆಯಲ್ಲಿ ಆಡುವ ಮಾತು. ಧಾರಣೆ ಇಳಿದರೆ ಹತ್ತು ಹೊಲಗಳಲ್ಲಿ ಹತ್ತು ಜನ ಒಮ್ಮೆಗೇ ನಿಟ್ಟುಸಿರು ಬಿಡುತ್ತಿದ್ದರು. ಅನುಕರಣವೆಂಬುದು ರೇಡಿಯೊಕ್ಕೆ ಹೊಸದಲ್ಲವೆಂಬುದೂ ನಿಜ. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1930ರ ದಶಕದಲ್ಲಿ ನಾನು ಮೊದಲೇ ಹೇಳಿದ ಡಿ ಮಾಯ್ನ್ ನಿಲ್ದಾಣದಲ್ಲಿ ಕ್ರೀಡಾ ನಿರೂಪಕರಾಗಿದ್ದರು. ಷಿಕಾಗೊ ತಂಡದ ಬೇಸ್‌ಬಾಲ್ ಆಟಗಳನ್ನು ಅವರು ಮೈದಾನ ನೋಡದೆಯೇ, ತಂತಿಯಲ್ಲಿ ಬಂದ ಚುಟುಕು ವರದಿಗಳನ್ನು ಹಿಡಿದು, ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಿದ್ದರು. ಅದೂ ವೇಷವೇ. ಆದರೆ ಆ ವೇಷದ ಹಿಂದೆ ಒಬ್ಬ ಮನುಷ್ಯನಿದ್ದ. ಇತ್ತ ಕೇಳುವ ಒಂದು ಸಮುದಾಯವಿತ್ತು.

ಈ ಮಾತು ಬರಿಯ ಹಳಹಳಿಕೆಯಲ್ಲವೆಂಬುದಕ್ಕೆ ಇತ್ತೀಚಿನ ಒಂದು ಪ್ರಕರಣ ಸಾಕ್ಷಿ. ವಿದ್ಯುತ್ತಿನಿಂದ ಓಡುವ ಹೊಸ ಕಾರುಗಳ ಮೋಟಾರು, ಪರಿವರ್ತಕಗಳು ಮಧ್ಯಮ ತರಂಗದ ಗ್ರಹಣಕ್ಕೆ ಅಡ್ಡಿ ಮಾಡುತ್ತವೆ. ಅದನ್ನು ಅಡಗಿಸಲು ಖರ್ಚುಂಟು. ಹೀಗಾಗಿ ಕೆಲವು ತಯಾರಕರು ತಮ್ಮ ಹೊಸ ಕಾರುಗಳಿಂದ ಮಧ್ಯಮ ತರಂಗವನ್ನೇ ಕೈಬಿಟ್ಟರು. ಫೋರ್ಡ್ ಕಂಪನಿಯೂ ಕೈಬಿಡಹೊರಟು, ಬಿರುಗಾಳಿ ಪ್ರವಾಹಗಳ ಸಮಯದಲ್ಲಿ ಎಚ್ಚರಿಕೆ ಕೊಡುವ ಸಾಧನ ಅದೆಂಬ ಆಕ್ಷೇಪಣೆಗಳು ಎದ್ದಮೇಲೆ 2023ರ ಮೇ ತಿಂಗಳಲ್ಲಿ ತನ್ನ ನಿರ್ಧಾರವನ್ನು ಹಿಂದೆಗೆದುಕೊಂಡಿತು. ಹೊಸ ವಾಹನಗಳಲ್ಲೆಲ್ಲ ಮಧ್ಯಮ ತರಂಗ ಇರಲೇಬೇಕೆಂಬ ಮಸೂದೆ ಅದೇ ತಿಂಗಳು ಅಲ್ಲಿನ ಸಂಸತ್ತಿನಲ್ಲಿ ಮಂಡಿತವಾಯಿತು. ಬಾಂಬಿನ ಭಯಕ್ಕೆ ಹಾಕಿದ ತ್ರಿಕೋನಗಳನ್ನು ನಕ್ಕು ಮರೆತವರಿಗೆ, ಬಿರುಗಾಳಿಯ ರಾತ್ರಿ ಬೇಕಾಗುವುದು ಇದೇ ಹಳೆಯ ಪಟ್ಟಿಯೆಂಬುದು ಮತ್ತೆ ಹೊಳೆಯಬೇಕಾಯಿತು. ಮುಖವನ್ನು ಇಷ್ಟು ಪ್ರೀತಿಯಿಂದ ಉಳಿಸಿಕೊಂಡು, ಆ ಮುಖದ ಹಿಂದಿನ ಮಾತನ್ನೇ ಕಳೆದುಕೊಂಡರೆ ನಮ್ಮ ಕೈಯಲ್ಲಿ ಉಳಿಯುವುದು ಮುಖವಾಡ.

ಆದ್ದರಿಂದ ಹಳೆಯ ಟ್ರಕ್ಕಿಗೆ ಹೊಸ ರೇಡಿಯೊ ಕೂರಿಸುವವನಿಗೆ ನಾನು ಬೇಡವೆನ್ನಲಾರೆ. ಕೂರಿಸಲಿ. ಉಕ್ಕನ್ನು ಮಾತ್ರ ಕತ್ತರಿಸದಿರಲಿ. ತೆಗೆದ ಹಳೆಯ ರೇಡಿಯೊವನ್ನು ಅಥವಾ ಆ ತಗಡಿನ ಮುಚ್ಚಳವನ್ನು ಬಟ್ಟೆಯಲ್ಲಿ ಸುತ್ತಿ, ಗಾಡಿಯ ಕಾಗದಪತ್ರಗಳ ಜೊತೆಗೆ ಜೋಪಾನವಾಗಿಡಲಿ. ಅಜ್ಜನ ಐದು ಗುಂಡಿಗಳು ಎಲ್ಲಿ ನಿಂತಿದ್ದವೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಲಿ. ಆ ಸಂಖ್ಯೆಗಳನ್ನೇ ಹೊಸ ರೇಡಿಯೊದ ನೆನಪಿಗೂ ಕೊಟ್ಟರೆ ಇನ್ನೂ ಲೇಸು. ಹೆಚ್ಚಿನ ಹೊಸ ರೇಡಿಯೊಗಳಲ್ಲಿ ಆ ಪಟ್ಟಿ ಇನ್ನೂ ಇದೆ. ತಿರುಗಿಸಿ ನೋಡುವವರು ಕಡಿಮೆಯಾಗಿದ್ದಾರೆ, ಅಷ್ಟೆ.

ಒಂದು ರಾತ್ರಿ ಅವನು ಟ್ರಕ್ಕನ್ನು ಹೊಲದಂಚಿನಲ್ಲಿ ನಿಲ್ಲಿಸಲಿ. ಎಂಜಿನನ್ನು ಆರಿಸಿ, ದೂರವಾಣಿಯನ್ನು ಜೇಬಿನಲ್ಲೇ ಬಿಟ್ಟು, ಬಲಗಡೆಯ ಬಿರಡೆಯನ್ನು ಮೆಲ್ಲನೆ ತಿರುಗಿಸಲಿ. ಆಕಾಶದ ಆ ಕನ್ನಡಿ ಅಜ್ಜನ ಕಾಲದಲ್ಲಿದ್ದಂತೆಯೇ ಇದೆ. ಅದಕ್ಕೆ ದುರಸ್ತಿ ಬೇಕಾಗಿಲ್ಲ. ಗೊರಗೊರದ ನಡುವೆ ಎಲ್ಲಿಂದಲೋ ಒಂದು ದನಿ ಬಂದೀತು. ಕೇಳುವವರು ಯಾರೆಂದು ಅರಿಯದೆ, ಕೇಳುವವರಿದ್ದಾರೆಂಬ ನಂಬಿಕೆಯೊಂದನ್ನೇ ಆಧಾರವಾಗಿಟ್ಟುಕೊಂಡು ಮಾತಾಡುವ ದನಿ. ಈ ಪುಟ್ಟ ಕೋಣೆಯಲ್ಲಿ ಕುಳಿತು ತಮ್ಮೊಡನೆ ಇಷ್ಟು ಹೊತ್ತು ಮಾತಾಡಿದ ನನಗೂ ಇರುವ ಆಧಾರ ಅದೊಂದೇ.